ಕಪ್ಪು ಸರಿಯಿಲ್ಲ ಸಾಮಿ

ವಿಧಾನಸಭೆಯಲ್ಲಿ ಯಾರು ಏನು ಮಾತಾಡಿದರೂ ಅದನ್ನು ಆಡಿದ ಹಾಗೆಯೇ ಬರೆದುಕೊಳ್ಳುವವರು ಕೆಲವರು ಇರುತ್ತಾರೆ. ಸಭಾಧ್ಯಕ್ಷರ ಪೀಠದ ಕೆಳಗೆ ಒಂದು ಮೇಜು, ಅದರ ಮುಂದೆ ತಲೆ ತಗ್ಗಿಸಿಕೊಂಡು ಬರೆಯುತ್ತಾ ಕೂತವರು. ಟಿವಿಯಲ್ಲಿ ಅವರ ನೆತ್ತಿ ಮಾತ್ರ ಕಾಣುತ್ತದೆ. ತೊಂಬತ್ತರ ದಶಕದಲ್ಲಿ ಆ ನೆತ್ತಿಗಳಲ್ಲಿ ನನ್ನದೂ ಒಂದು. ಶೀಘ್ರಲಿಪಿ ವರದಿಗಾರ್ತಿ ಎಂಬುದು ನನ್ನ ಹುದ್ದೆ. ಸುಳ್ಳು ವಿನಯ ನನಗೆ ಬರುವುದಿಲ್ಲ, ಆದ್ದರಿಂದ ಹೇಳಿಯೇ ಬಿಡುತ್ತೇನೆ: ನನ್ನಷ್ಟು ವೇಗವಾಗಿ, ನನ್ನಷ್ಟು ಚೊಕ್ಕವಾಗಿ ಬರೆಯುವವರು ಆಗ ಅಲ್ಲಿ ಬೇರೆ ಯಾರೂ ಇರಲಿಲ್ಲ. ನಾಲ್ಕು ಜನ ಒಟ್ಟಿಗೆ ಎದ್ದು ಕಿರುಚಾಡುತ್ತಿದ್ದರೂ ಯಾರ ಮಾತು ಯಾರದು ಅಂತ ಬಿಡಿಸಿ ಬರೆಯುತ್ತಿದ್ದೆ.

ಈ ಕಿವಿ ನನಗೆ ಚಳ್ಳಕೆರೆ ಕೊಟ್ಟದ್ದು. ನಾನು ಹುಟ್ಟಿದ್ದು ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಿ. ಮನೆಯಲ್ಲಿ ತೆಲುಗು, ಬೀದಿಗೆ ಬಂದರೆ ಕನ್ನಡ. ಶೀಘ್ರಲಿಪಿ ಕಲಿಯಲು ಬಸ್ಸು ಹತ್ತಿ ಚಳ್ಳಕೆರೆಗೆ ಹೋಗುತ್ತಿದ್ದೆ. ಆ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಕೆಳಗೆ ಸಾಬರೊಬ್ಬರ ಲಾರಿ ಗ್ಯಾರೇಜು ಇತ್ತು. ಮೇಷ್ಟರು ಮೇಲೆ ಪಾಠ ಓದಿ ಹೇಳುವಾಗ ಕೆಳಗೆ ಸಾಬರು ಸುತ್ತಿಗೆಯಲ್ಲಿ ತಗಡು ಬಡಿಯುತ್ತಾ ಹುಡುಗರಿಗೆ ಉರ್ದುವಿನಲ್ಲಿ ಬಯ್ಯುತ್ತಿದ್ದರು. ಆ ಗಲಾಟೆಯ ನಡುವೆ ಒಂದು ಪದವನ್ನೂ ಬಿಡದೆ ಬರೆಯಲು ಕಲಿತವಳಿಗೆ ವಿಧಾನಸಭೆ ಶಾಂತವಾಗಿಯೇ ಇತ್ತು.

ನಮ್ಮ ಕೆಲಸಕ್ಕೆ ಒಂದೇ ಕಟ್ಟಳೆ. ಬಾಯಿ ತೆರೆಯಬಾರದು. ಮಂತ್ರಿಗಳು ತಪ್ಪು ಹೇಳಲಿ, ಶಾಸಕರು ಸುಳ್ಳು ಹೇಳಲಿ, ಅವರು ಹೇಳಿದ್ದನ್ನು ಹೇಳಿದಂತೆ ನಾವು ಬರೆಯಬೇಕು. ಇದಕ್ಕೆ ಒಂದು ವಿನಾಯಿತಿ ಇತ್ತು. ಸಮಿತಿಗಳ ಸಭೆಯಲ್ಲಿ ಸಾಕ್ಷಿ ಹೇಳುವವರ ಮಾತು ಸ್ಪಷ್ಟವಾಗದಿದ್ದರೆ, ಅಧ್ಯಕ್ಷರ ಅಪ್ಪಣೆ ಕೇಳಿ, ಇನ್ನೊಮ್ಮೆ ಹೇಳಿಸಿಕೊಳ್ಳಬಹುದು. ಉಳಿದವರು ಅದನ್ನು ದಿನಕ್ಕೊಮ್ಮೆಯಾದರೂ ಬಳಸುತ್ತಿದ್ದರು. ನಾನು ಒಮ್ಮೆಯೂ ಬಳಸಿರಲಿಲ್ಲ. ನನಗೆ ಕೇಳಿಸಲಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳುವುದಕ್ಕಿಂತ ಕೆಲಸ ಬಿಡುವುದು ವಾಸಿ ಅಂತ ನನ್ನ ಜಂಬ.

ಒಂದು ಬೆಳಿಗ್ಗೆ ಪ್ರಶ್ನೋತ್ತರದ ಸಮಯ. ಬಡವರಿಗೆ ಮನೆ ಕಟ್ಟಿಕೊಡುವ ಸರ್ಕಾರಿ ಸಂಸ್ಥೆಯ ಬಗ್ಗೆ ಒಬ್ಬ ಶಾಸಕರು ಪ್ರಶ್ನೆ ಹಾಕಿದ್ದರು. ಮೊಳಕಾಲ್ಮೂರಿನಾಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯೊಂದರಲ್ಲಿ ಆ ಸಂಸ್ಥೆ ಕೂಲಿಯವರಿಗಾಗಿ ಒಂದು ಕಾಲೊನಿ ಕಟ್ಟಿದೆ. ಮನೆ ಕೊಟ್ಟು ವರ್ಷವಾದರೂ ಜನ ಒಳಗೆ ಹೋಗಿಲ್ಲ, ಪಕ್ಕದಲ್ಲೇ ಗುಡಿಸಲು ಹಾಕಿಕೊಂಡಿದ್ದಾರೆ, ಯಾಕೆ? ನಮ್ಮ ಊರಿನ ಹೆಸರು ಕಿವಿಗೆ ಬಿದ್ದದ್ದೇ ನನ್ನ ಪೆನ್ಸಿಲ್ಲಿಗೆ ಇನ್ನಷ್ಟು ಹುರುಪು ಬಂತು.

ಮಂತ್ರಿಗಳು ಎದ್ದರು. "ಅಧಿಕಾರಿಗಳು ಸ್ಥಳಕ್ಕೆ ಹೋಗಿ ವಿಚಾರಿಸಿದ್ದಾರೆ. ಗೆದ್ದಲು ಹಿಡಿಯದಿರಲಿ ಅಂತ ಬಾಗಿಲು ಕಿಟಕಿಗೆ ಟಾರು ಬಳಿದಿದ್ದೆವು. ಅಲ್ಲಿನ ಜನ ಎಲ್ಲರೂ ಒಂದೇ ಬಾಯಲ್ಲಿ, ಕಪ್ಪು ಸರಿಯಿಲ್ಲ, ಕಪ್ಪು ನೋಡಿದರೆ ಭಯ ಆಗುತ್ತೆ ಅಂತ ಹೇಳಿದ್ದಾರೆ. ಇದೊಂದು ಮೂಢನಂಬಿಕೆ. ಆದರೂ ಬಣ್ಣ ಬದಲಾಯಿಸಿ ಎಲ್ಲರನ್ನೂ ಒಳಗೆ ಕಳಿಸುತ್ತೇವೆ ಎಂದು ಸದನಕ್ಕೆ ಭರವಸೆ ಕೊಡುತ್ತೇನೆ," ಅಂದರು. ಯಾರೋ ಹಿಂದಿನಿಂದ, ರಾತ್ರಿ ಕತ್ತಲಾದರೆ ಅವರೇನು ಮಾಡುತ್ತಾರೆ ಅಂತ ಕೂಗಿದರು. ಸದನವೆಲ್ಲ ನಕ್ಕಿತು. ನಾನು ಕಂಸದೊಳಗೆ 'ನಗು' ಅಂತ ಬರೆದೆ. ಬರೆಯುವಾಗ ಮೈಯೆಲ್ಲ ಉರಿಯುತ್ತಿತ್ತು.

ಕಪ್ಪು ಕಂಡರೆ ಹೆದರುವ ಜನವೇ ನಮ್ಮವರು? ಕಂಬಳಿ ಹಾಸದೆ ನಮ್ಮ ಕಡೆ ದೇವರು ಕೂರುವುದಿಲ್ಲ, ಆ ಕಂಬಳಿ ಇರುವುದೇ ಕಪ್ಪಗೆ. ಸಿಟ್ಟಿನಲ್ಲೇ ನನ್ನ ಕೋಣೆಗೆ ಹೋಗಿ ಟೈಪ್ ಮಾಡಲು ಕೂತೆ. ಆ ಪದದ ಮೇಲೆ ಬಂದು ಕೈ ನಿಂತಿತು. ನಮ್ಮ ಕಡೆ ಯಾರೂ ಕಪ್ಪು ಅನ್ನುವುದೇ ಇಲ್ಲ. ಕರಿ ಕಂಬಳಿ, ಕರಿ ಎಮ್ಮೆ, ಕರಿ ನೆಲ, ಕರಿ ಸೀರೆ. ಓದಿದವರ ಬಾಯಲ್ಲಿ ಕಪ್ಪು ಬರಬಹುದು, ಕೂಲಿಗೆ ಹೋಗುವ ಹೆಂಗಸಿನ ಬಾಯಲ್ಲಿ ಬರಲಾರದು. ಹಾಗಾದರೆ ಅವರು ಹೇಳಿದ್ದೇನು?

ಆಗ ನನ್ನ ಅವ್ವನ ದನಿ ಕಿವಿಯಲ್ಲಿ ಕೇಳಿದ ಹಾಗಾಯಿತು. ಮಳೆ ಬಂದರೆ ಮಗ್ಗದಿಂದ ಎದ್ದು ಓಡಿ ಬರುತ್ತಾ ಅವ್ವ ಕೂಗುತ್ತಿದ್ದಳು: "ಕಪ್ಪು ಕಾರ್ತಾಂದಿ, ಗಿನ್ನೆ ಪೆಟ್ಟೇ!" ಸೂರು ಸೋರ್ತಿದೆ, ಬಟ್ಟಲು ಇಡೇ ಅಂತ. ತೆಲುಗಿನಲ್ಲಿ ಕಪ್ಪು ಅಂದರೆ ಮನೆಯ ಸೂರು, ಚಾವಣಿ.

ಗಡಿಯ ಜನಕ್ಕೆ ಒಂದು ಅಭ್ಯಾಸ ಇದೆ. ದೊಡ್ಡವರು ಬಂದರೆ ಮರ್ಯಾದೆಗೆ ಕನ್ನಡ ಮಾತಾಡುತ್ತಾರೆ. ಆದರೆ ಮನೆಯೊಳಗಿನ ವಸ್ತುಗಳಿಗೆ ಅವರ ಹತ್ತಿರ ಇರುವುದು ತೆಲುಗಿನ ಪದಗಳು ಮಾತ್ರ. ಅವು ತೆಲುಗು ಅಂತ ಅವರಿಗೂ ಗೊತ್ತಿರುವುದಿಲ್ಲ. ಕಪ್ಪು ಸರಿಯಿಲ್ಲ ಅಂದಾಗ ಅವರು ಅಚ್ಚ ಕನ್ನಡ ಮಾತಾಡಿದ್ದೇವೆ ಅಂದುಕೊಂಡಿದ್ದರು. ಕೇಳಿಸಿಕೊಂಡವರೂ ಅಚ್ಚ ಕನ್ನಡ ಕೇಳಿದ್ದೇವೆ ಅಂದುಕೊಂಡು ಹೋದರು.

ನಮ್ಮ ಶಾಖೆಯ ಹಿರಿಯರ ಹತ್ತಿರ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇರಬಹುದಮ್ಮ. ಆದರೆ ಅದು ನಿನ್ನ ಊಹೆ. ಸಂಸ್ಥೆಯವರು ಇಲ್ಲ ಅಂದರೆ ಏನು ಮಾಡ್ತೀಯಾ? ಅರ್ಥ ಹೇಳೋದು ನಮ್ಮ ಕೆಲಸ ಅಲ್ಲ," ಅಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಮಾತು ನನ್ನ ಬಾಯಿಂದಲ್ಲ, ಅದನ್ನು ಆಡಿದವರ ಬಾಯಿಂದಲೇ ಬರಬೇಕಿತ್ತು, ಅದೂ ಸದನದ ದಾಖಲೆಗೆ ಬರಬೇಕಿತ್ತು.

ಅದಕ್ಕೆ ದಾರಿಯೂ ಇತ್ತು. ಮಂತ್ರಿಗಳು ಸದನದಲ್ಲಿ ಭರವಸೆ ಕೊಟ್ಟರೆ ಅದು ಗಾಳಿಗೆ ಹೋಗುವ ಮಾತಲ್ಲ. ಅದು ಈಡೇರಿತೋ ಇಲ್ಲವೋ ನೋಡುವುದಕ್ಕೆ ಎಲ್ಲ ಪಕ್ಷದ ಶಾಸಕರೂ ಇರುವ ಒಂದು ಭರವಸೆಗಳ ಸಮಿತಿ ಇದೆ. ಆಗ ಅದರ ಅಧ್ಯಕ್ಷರಾಗಿದ್ದವರು ಹಳೇ ಮೈಸೂರು ಕಡೆಯ ಹಿರಿಯ ಶಾಸಕರು. ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ, ಆದರೆ ಹಿಡಿದದ್ದನ್ನು ಬಿಟ್ಟದ್ದನ್ನೂ ಕಂಡಿರಲಿಲ್ಲ. ಕೆಲವು ತಿಂಗಳ ಮೇಲೆ ಸಂಸ್ಥೆಯಿಂದ ಬಣ್ಣ ಬಳಿದಾಗಿದೆ ಎಂದು ಉತ್ತರ ಬಂತು. ಜನ ಒಳಗೆ ಹೋದರೇ ಅಂತ ಅಧ್ಯಕ್ಷರು ಕೇಳಿದರು. ಅದಕ್ಕೆ ಉತ್ತರ ಬರಲಿಲ್ಲ. ಹಾಗಾದರೆ ನಾವೇ ಹೋಗಿ ನೋಡೋಣ ಅಂದರು. ವರದಿಗೆ ಯಾರು ಹೋಗುತ್ತೀರಿ ಅಂತ ಶಾಖೆಯಲ್ಲಿ ಕೇಳುವ ಮೊದಲೇ ನಾನು ಬ್ಯಾಗು ತುಂಬಿಟ್ಟಿದ್ದೆ.

ಚಳ್ಳಕೆರೆಯ ಸರ್ಕಾರಿ ಪ್ರವಾಸಿ ಮಂದಿರ, ಅಂದರೆ ಐಬಿಯಲ್ಲಿ ತಿಂಡಿ ಮುಗಿಸಿ ಜೀಪುಗಳು ಮೊಳಕಾಲ್ಮೂರು ದಾಟಿದವು. ಸಂಸ್ಥೆಯ ಕಾರ್ಯಪಾಲಕ ಎಂಜಿನಿಯರ್ ಮುಂದಿನ ಜೀಪಿನಲ್ಲಿದ್ದರು. ಇಸ್ತ್ರಿ ಮಾಡಿದ ಅಂಗಿ, ಮೃದು ಮಾತು, ಯಾವ ಪ್ರಶ್ನೆಗೂ ತಡವರಿಸದ ಮನುಷ್ಯ. ಕೆಟ್ಟವರು ಅಂತ ನನಗೆ ಅನ್ನಿಸಲಿಲ್ಲ. ಉತ್ತರ ಹೇಳಿದರೆ ಕೆಲಸ ಆಯಿತು ಅಂದುಕೊಳ್ಳುವವರು ಅಷ್ಟೇ.

ಕಾಲೊನಿ ತಲುಪಿದರೆ ಸಾಲು ಸಾಲು ಮನೆಗಳಿಗೂ ಹೊಳೆಯುವ ನೀಲಿ ಬಾಗಿಲು. ಒಂದೊಂದು ಬಾಗಿಲ ಮುಂದೂ ಒಂದೊಂದು ಗುಡಿಸಲು. ನಾನು ಒಂದು ಮನೆಯೊಳಗೆ ಇಣುಕಿದೆ. ಜಾಲಿ ಕಟ್ಟಿಗೆ ಒಟ್ಟಿದ್ದರು, ಬೇರೇನೂ ಇರಲಿಲ್ಲ. ಒಂದು ಆಡನ್ನು ಕೂಡ ಯಾರೂ ಒಳಗೆ ಕಟ್ಟಿರಲಿಲ್ಲ. ಆಡನ್ನೂ ಕಟ್ಟದ ಮನೆ ಅಂದರೆ ನಮ್ಮ ಕಡೆಯವಳಾದ ನನಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಗಂಡಸರೆಲ್ಲ ಕೂಲಿಗೆ ಹೋಗಿದ್ದರು. ಶೇಂಗಾ ಬಿಡಿಸುತ್ತಾ ಕೂತಿದ್ದ ಹೆಂಗಸರಲ್ಲಿ ಒಬ್ಬಾಕೆ ಸೆರಗು ಕೊಡವಿ ಎದ್ದು ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಯಾರ ಮುಖ ನೋಡಿ ಮಾತಾಡಬೇಕು ಅಂತ ಒಂದು ಗಳಿಗೆಯಲ್ಲಿ ಅಳೆದು, ನೇರ ಅಧ್ಯಕ್ಷರ ಮುಂದೆ ನಿಂತಳು.

"ಬಣ್ಣ ಚೆಂದೈತೆ ಸಾಮಿ. ಕಪ್ಪು ಮಾತ್ರ ಹಂಗೇ ಐತಲ್ಲ," ಅಂದಳು.

ಎಂಜಿನಿಯರ್ ತಕ್ಷಣ ಮುಂದೆ ಬಂದರು. "ಹಿತ್ತಲ ಕಿಟಕಿ ಬಿಟ್ಟಿರಬೇಕು ಸರ್. ಅದಕ್ಕೂ ನಾಳೆನೇ ಬಳಿಸ್ತೀವಿ."

"ಕಪ್ಪಿಗೆ ಬಣ್ಣ ಬಳಿದ್ರೆ ನಿಲ್ತೈತಾ ಸಾಮಿ?" ಆಕೆಗೆ ನಿಜವಾಗಿಯೂ ಆಶ್ಚರ್ಯ.

"ನಿಲ್ಲುತ್ತಮ್ಮ, ಯಾಕೆ ನಿಲ್ಲಲ್ಲ? ಒಳ್ಳೆ ಪೇಂಟು," ಅಂದರು ಎಂಜಿನಿಯರ್.

ಆಕೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮತ್ತೆ ಅಧ್ಯಕ್ಷರ ಕಡೆ ತಿರುಗಿದಳು. "ನನ್ನ ಮಗಳು ಬಸುರಿ ಸಾಮಿ. ಮೂರು ತುಂಬೈತೆ. ಚೊಚ್ಚಲು. ಹೆರಿಗೆಗೆ ತವರಿಗೆ ಕರ್ಕಂಬರ್ಬೇಕಲ್ಲ. ಗುಡಿಸ್ಲಾಗೆ ಬಾಣಂತನ ಮಾಡ್ತೀನಿ ಅಂದ್ರೆ ಕಳಿಸಾದಿಲ್ಲ ಅಂತಾರೆ ಬೀಗರು. ಸರ್ಕಾರಿ ಮನೆ ಕೊಟ್ಟೈತಲ್ಲ, ಅಲ್ಲಿ ಮಾಡ್ರಿ ಅಂತಾರೆ. ಈ ಕಪ್ಪು ಇಟ್ಕಂಡು ನಾನು ಎಳೇ ಕೂಸನ್ನ ಹೆಂಗೆ ಮಲಗಿಸ್ಲಿ?"

ಸಮಿತಿಯ ಸದಸ್ಯರೊಬ್ಬರು, ಪಾಪ, ಇವರ ನಂಬಿಕೆ ಇವರಿಗೆ ಅಂತ ಪಿಸುಗುಟ್ಟಿದರು. ಅಧ್ಯಕ್ಷರು ಹಣೆ ಉಜ್ಜಿಕೊಂಡರು. ಇನ್ನೊಂದು ಗಳಿಗೆ ಕಳೆದರೆ ಹಿತ್ತಲ ಕಿಟಕಿಗೂ ನೀಲಿ ಬಳಿಯಬೇಕೆಂದು ಸೂಚನೆ ಕೊಟ್ಟು ಎಲ್ಲರೂ ಜೀಪು ಹತ್ತುವವರಿದ್ದರು. ನಾನು ಪೆನ್ಸಿಲ್ ನಿಲ್ಲಿಸಿದೆ.

"ಅಧ್ಯಕ್ಷರೇ, ಕ್ಷಮಿಸಬೇಕು. ಸಾಕ್ಷಿದಾರರ ಒಂದು ಪದ ನನಗೆ ಸ್ಪಷ್ಟವಾಗಲಿಲ್ಲ. ಕೇಳಬಹುದೇ?"

ಸಮಿತಿಯ ಜೊತೆ ಬಂದಿದ್ದ ನಮ್ಮ ಶಾಖೆಯ ಹಿರಿಯರು ನನ್ನತ್ತ ನೋಡಿದ ನೋಟ ಈಗಲೂ ನೆನಪಿದೆ. ಅಧ್ಯಕ್ಷರಿಗೂ ಅಚ್ಚರಿಯೇ. "ನಿಮಗಾ? ಸ್ಪಷ್ಟವಾಗಲಿಲ್ವಾ? ಕೇಳಿ ಕೇಳಿ," ಅಂದರು. ನನ್ನ ಜಂಬ ಅಲ್ಲಿಗೆ ಮಣ್ಣುಪಾಲಾಯಿತು. ಅದರ ಬಗ್ಗೆ ನನಗೆ ಆವತ್ತೂ ಬೇಸರವಾಗಲಿಲ್ಲ, ಈಗಲೂ ಇಲ್ಲ.

"ಅಕ್ಕಾ, ಕಪ್ಪು ಅಂದ್ರಲ್ಲ, ಯಾವ್ದು? ಒಂದ್ಸಲ ಕೈ ಮಾಡಿ ತೋರಿಸ್ರಿ," ಅಂದೆ.

ಇಷ್ಟೂ ತಿಳಿಯದ ಇವಳು ಬರೆದುಕೊಳ್ಳುವುದೇನು ಎಂಬಂತೆ ಆಕೆ ನನ್ನನ್ನು ನೋಡಿದಳು. ನೀಲಿ ಬಾಗಿಲು ತಳ್ಳಿ ಒಳಗೆ ಹೋದಳು. ನಾವೆಲ್ಲ ಹಿಂದೆ ಹೋದೆವು. ಆಕೆ ತೋಳೆತ್ತಿ ಮೇಲಕ್ಕೆ ತೋರಿಸಿದಳು. "ಇದು. ಇದೇ ಕಪ್ಪು."

ಎಲ್ಲರ ತಲೆಯೂ ಮೇಲಕ್ಕೆ ಹೋಯಿತು. ಚಾವಣಿಯ ಹೊಟ್ಟೆ ಕೆಳಕ್ಕೆ ಜೋತುಬಿದ್ದಿತ್ತು. ಸಿಮೆಂಟು ಹೊಪ್ಪಳಿಕೆ ಎದ್ದು, ತುಕ್ಕು ಹಿಡಿದ ಕಂಬಿಗಳು ಹೊರಗೆ ಕಾಣುತ್ತಿದ್ದವು. ಗೋಡೆಯಿಂದ ಗೋಡೆಗೆ ಒಂದು ಬಿರುಕು, ಅದರ ಸಂದಿಯಲ್ಲಿ ಆಕಾಶ. ಪಕ್ಕದ ಮನೆಗೆ ಹೋದೆವು, ಅಲ್ಲೂ ಅದೇ. ಅದರಾಚೆಯದೂ ಅದೇ. ಮನೆ ಕಟ್ಟಿದವರು, ಬಿಲ್ಲು ಕೊಟ್ಟವರು, ಬಣ್ಣ ಬಳಿದವರು, ಇಷ್ಟೂ ಜನರಲ್ಲಿ ಒಬ್ಬರೂ ಒಳಗೆ ಬಂದು ಕತ್ತೆತ್ತಿ ನೋಡಿರಲಿಲ್ಲ.

ಅಧ್ಯಕ್ಷರು ಸದನದಲ್ಲಿ ನಕ್ಕವರಲ್ಲಿ ಒಬ್ಬರಾಗಿದ್ದರು. ಅದು ಅವರಿಗೂ ನೆನಪಾಗಿರಬೇಕು. ಮುಖ ಕೆಂಪಗಾಯಿತು. ಶಾಲೆಯಿಂದ ಕುರ್ಚಿ ತರಿಸಿದರು. "ಸಭೆ ಐಬಿಯಲ್ಲಿ ಬೇಡ. ಇಲ್ಲೇ ನಡೀಲಿ. ಈ ಸೂರಿನ ಕೆಳಗೇನೆ," ಅಂದರು. ತಾವು ಮೊದಲು ಕೂತರು. ಎಂಜಿನಿಯರರನ್ನು ಎದುರಿಗೆ ಕೂರಿಸಿಕೊಂಡರು. ಬಿರುಕು ಸರಿಯಾಗಿ ಅವರ ತಲೆಯ ಮೇಲಿತ್ತು.

"ಈ ಚಾವಣಿ ಭದ್ರವಾಗಿದೆಯಾ?"

"ಮೇಲ್ನೋಟಕ್ಕೆ ಸ್ವಲ್ಪ ದುರಸ್ತಿ ಬೇಕಾಗಬಹುದು ಸರ್. ಗಾಬರಿಪಡುವಂಥದ್ದೇನಿಲ್ಲ," ಎನ್ನುತ್ತಾ ಎಂಜಿನಿಯರ್ ಕುರ್ಚಿಯನ್ನು ಒಂದು ಚೂರು ಬಾಗಿಲ ಕಡೆ ಸರಿಸಿದರು. ಮುಂದಿನ ಪ್ರಶ್ನೆಗೆ ಇನ್ನೊಂದು ಚೂರು. ಹೀಗೆ ಉತ್ತರ ಹೇಳುತ್ತಾ ಹೇಳುತ್ತಾ ಅವರು ಹೊಸ್ತಿಲ ಹತ್ತಿರ ಬಂದುಬಿಟ್ಟಿದ್ದರು. ಸದನದಲ್ಲಿ ನಗುವನ್ನು ಕಂಸದೊಳಗೆ ಹಾಕುವ ಹಾಗೆ, ನಾನು ಪ್ರತಿ ಸಲವೂ ಕಂಸ ಹಾಕಿ 'ಸಾಕ್ಷಿದಾರರು ಕುರ್ಚಿ ಸರಿಸಿಕೊಂಡರು' ಅಂತ ಬರೆದೆ. ಕೊನೆಗೆ ಅಧ್ಯಕ್ಷರು ನನ್ನ ಕಡೆ ತಿರುಗಿ, "ಕುರ್ಚಿದೂ ಬರೆದ್ರಾ?" ಅಂದರು. ಬರೆದಿದ್ದೇನೆ ಸರ್, ಒಂದೂ ಬಿಟ್ಟಿಲ್ಲ ಅಂದೆ. ಎಂಜಿನಿಯರ್ ಬೆವರು ಒರೆಸಿಕೊಂಡರು. ಆಮೇಲೆ, ತಗ್ಗಿದ ದನಿಯಲ್ಲಿ, ಇವನ್ನೆಲ್ಲ ಒಡೆದು ಹೊಸದಾಗಿ ಹಾಕಬೇಕು ಸರ್ ಎಂದು ಒಪ್ಪಿಕೊಂಡರು.

ಬಾಗಿಲಲ್ಲಿ ನಿಂತಿದ್ದ ಆಕೆಗೆ ಇಷ್ಟು ಸಾಲಲಿಲ್ಲ. "ಹೊಸಾದು ಹಾಕ್ತೀರಿ, ಸರಿ. ಗಟ್ಟಿ ಐತೆ ಅಂತ ಹಿಂದೆನೂ ಇವ್ರೇ ಹೇಳಿದ್ರು. ಈ ಸಲ ಇವ್ರು ಬಂದು ಅದ್ರ ಕೆಳಗೆ ಒಂದು ನಿದ್ದೆ ಮಾಡಿ ಏಳ್ಲಿ ಸಾಮಿ. ಆಮೇಲೆ ನನ್ನ ಮಗಳ್ನ ಒಳಕ್ಕೆ ಕರಿತೀನಿ," ಅಂದಳು.

ಎಲ್ಲರೂ ನಗುವುದರಲ್ಲಿದ್ದರು. ಅಧ್ಯಕ್ಷರು ನಗಲಿಲ್ಲ. "ನ್ಯಾಯವಾದ ಮಾತು ಕಣಮ್ಮ," ಅಂದು ನನಗೆ ಹೇಳಿದರು, "ಇದನ್ನೂ ಬರೆದುಕೊಳ್ಳಿ. ಸಮಿತಿಯ ಸೂಚನೆ ಅಂತ."

ಮುಂದಿನ ಅಧಿವೇಶನದಲ್ಲಿ ಮಂತ್ರಿಗಳು ಎದ್ದು ನಿಂತು ತಮ್ಮ ಹಿಂದಿನ ಉತ್ತರವನ್ನು ತಿದ್ದಬೇಕಾಯಿತು. ಕಪ್ಪು ಎಂದರೆ ಆ ಭಾಗದಲ್ಲಿ ಚಾವಣಿ ಎಂದರ್ಥ, ಜನ ದೂರಿದ್ದು ಚಾವಣಿಯ ಬಗ್ಗೆ, ಅದನ್ನು ಮೂಢನಂಬಿಕೆ ಎಂದದ್ದಕ್ಕೆ ವಿಷಾದಿಸುತ್ತೇನೆ ಅಂದರು. ಆವತ್ತೂ ಮೇಜಿನ ಮುಂದೆ ನನ್ನದೇ ಸರದಿ. ಕಂಸ ಹಾಕುವಂಥದ್ದೇನೂ ಇರಲಿಲ್ಲ. ಆ ಪುಟ ಟೈಪ್ ಮಾಡುವಾಗ ನನಗಾದ ಸಂತೋಷ ಸಂಬಳ ಹೆಚ್ಚಾದಾಗಲೂ ಆಗಿರಲಿಲ್ಲ.

ಆದರೆ ವಿಷಾದದಿಂದ ಸೂರು ಎದ್ದು ನಿಲ್ಲುವುದಿಲ್ಲ. ಟೆಂಡರು ಆಗಬೇಕು, ಹಳೇ ಗುತ್ತಿಗೆದಾರನಿಗೆ ನೋಟಿಸು ಹೋಗಬೇಕು, ಮರಳಿಲ್ಲ, ಕಬ್ಬಿಣ ಬಂದಿಲ್ಲ. ಸಂಸ್ಥೆಯ ಬಾಯಲ್ಲಿ ಕಾರಣಗಳಿಗೆ ಬರವಿರಲಿಲ್ಲ. ಅಧ್ಯಕ್ಷರು ತಿಂಗಳಿಗೊಮ್ಮೆ ಅವರನ್ನು ಬೆಂಗಳೂರಿಗೆ ಕರೆಸುತ್ತಿದ್ದರು. ಎಂಜಿನಿಯರ್ ಕಡತ ಬಿಚ್ಚುವ ಮೊದಲೇ ಕೇಳುತ್ತಿದ್ದರು: "ಅದಿರಲಿ. ಹುಡುಗಿಗೆ ಈಗ ಎಷ್ಟನೇ ತಿಂಗಳು?"

ಮೊದಲ ಸಲ ಎಂಜಿನಿಯರ್ ಕಕ್ಕಾಬಿಕ್ಕಿಯಾದರು. ಗೊತ್ತಿಲ್ಲ ಸರ್ ಅಂದರು. ತಿಳಿದುಕೊಂಡು ಬನ್ನಿ ಅಂತ ಅಧ್ಯಕ್ಷರು ಸಭೆಯನ್ನೇ ಮುಂದೂಡಿದರು. ಆಮೇಲಿಂದ ಸಂಸ್ಥೆಯವರು ಗಡಿಯ ಆಚೆಗಿದ್ದ ಬೀಗರ ಮನೆಗೆ ಜನ ಕಳಿಸಿ ವಿಚಾರಿಸಿಕೊಂಡು ಬರತೊಡಗಿದರು. "ಐದು ನಡೀತಿದೆ ಸರ್, ಪಾಯದ ಪರೀಕ್ಷೆ ಆಯ್ತು." "ಆರು ತುಂಬಿತು ಸರ್, ಹಳೇ ಚಾವಣಿ ಒಡೆದಿದ್ದೇವೆ." ಒಂದು ಸಲವಂತೂ ಯಾರೂ ಕೇಳದಿದ್ದರೂ ಎಂಜಿನಿಯರೇ, ಹುಡುಗಿಗೆ ರಕ್ತ ಕಮ್ಮಿ ಅಂತ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ ಸರ್ ಎಂದು ಸೇರಿಸಿದರು. ಸರ್ಕಾರಿ ಕಡತದಲ್ಲಿ ತಾರೀಕು ಜಾರಬಹುದು, ವಾಯಿದೆ ಮುಂದೆ ಹೋಗಬಹುದು. ಬಸುರಿಯ ತಿಂಗಳು ಯಾರ ಟಿಪ್ಪಣಿಗೂ ಕಾಯುವುದಿಲ್ಲ. ಸಂಸ್ಥೆಯೊಂದನ್ನು ಸದನ ಪ್ರಶ್ನಿಸುವುದು ಹೇಗೆ ಅಂತ ಆ ಸಭೆಗಳಲ್ಲಿ ನಾನು ನೋಡಿದಷ್ಟು ಚೆನ್ನಾಗಿ ಬೇರೆಲ್ಲೂ ನೋಡಲಿಲ್ಲ.

ಒಂಬತ್ತಕ್ಕೆ ಬಿದ್ದಾಗ ಸಮಿತಿ ಮತ್ತೆ ಹೊರಟಿತು. ಈ ಸಲ ಅಧ್ಯಕ್ಷರು, ನಾನು, ಎಂಜಿನಿಯರ್, ಮೂರೇ ಜನ. ಹೊಸ ಚಾವಣಿಗಳು ನೀರು ಕುಡಿದು ಒಣಗಿ ನಿಂತಿದ್ದವು. ಬೀಗರು ಆಕೆಯ ಮಗಳನ್ನು ಆಟೋದಲ್ಲಿ ಕರೆತಂದಿದ್ದರು. ತುಂಬಿದ ಹೊಟ್ಟೆಯ ಹುಡುಗಿ ಬೇವಿನ ಮರದ ಕೆಳಗೆ ಕಾಲು ಚಾಚಿ ಕೂತಿದ್ದಳು. ಸೊಂಟಕ್ಕೆ ಕೈಕೊಟ್ಟು ಆಗಾಗ ಮುಖ ಕಿವುಚುತ್ತಿದ್ದಳು. ಅವಳ ತಾಯಿ ಮನೆ ಗುಡಿಸಿ ಸಾರಿಸಿ, ನಡುಮನೆಯಲ್ಲಿ ಈಚಲು ಚಾಪೆ ಹಾಸಿದ್ದಳು. ಮಗಳನ್ನು ಮಾತ್ರ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

ಊಟ ಮುಗಿದ ಮಧ್ಯಾಹ್ನ. ಎಂಜಿನಿಯರ್ ಬೂಟು ಬಿಚ್ಚಿದರು. ಚಾಪೆಯ ಮೇಲೆ ಕೂತು ನನ್ನ ಕಡೆ ನೋಡಿದರು. "ಮೇಡಂ, ಇದನ್ನೂ ಬರೀತೀರಾ?"

"ಬರೀತೀನಿ ಸರ್. ನೀವು ಮಲಗಿ," ಅಂದೆ.

ಅವರು ಅಂಗಾತ ಮಲಗಿದರು. ಕಣ್ಣು ಮುಚ್ಚಲಿಲ್ಲ. ಚಾವಣಿಯನ್ನು ಮೂಲೆಯಿಂದ ಮೂಲೆಗೆ ನೋಡುತ್ತಿದ್ದರು. ನಾನೂ ಅಧ್ಯಕ್ಷರೂ ಜಗಲಿಗೆ ಬಂದು ಕೂತೆವು. ಆಕೆ ಮಾತ್ರ ಬಾಗಿಲ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವರನ್ನೇ ಕಾಯುತ್ತಿದ್ದಳು. ನೊಣ ಬಂದರೆ ಸೆರಗಿನಲ್ಲಿ ಓಡಿಸುತ್ತಿದ್ದಳು. ಕಾಲೊನಿಯ ಹೆಂಗಸರು ಒಬ್ಬೊಬ್ಬರೇ ಬಂದು ಅಂಗಳದಲ್ಲಿ ನಿಂತರು. ಮಾತಾಡಿದವರನ್ನು ಆಕೆ ಕಣ್ಣಲ್ಲೇ ಗದರಿದಳು. ಅಧ್ಯಕ್ಷರು ಕೂಡ ಕೆಮ್ಮು ಬಂದದ್ದನ್ನು ತಡೆದುಕೊಂಡರು. ಮರದ ಕೆಳಗಿನ ಹುಡುಗಿ ತಾಯಿಯ ಬೆನ್ನನ್ನೇ ನೋಡುತ್ತಿದ್ದಳು.

ತುಂಬಾ ಹೊತ್ತಾದ ಮೇಲೆ ಆಕೆ ಕತ್ತು ಮುಂದೆ ಚಾಚಿ ಕಿವಿಗೊಟ್ಟಳು. ಎದ್ದಳು. ಹೊರಗೆ ಬಂದವಳ ಮುಖ ಅಗಲವಾಗಿತ್ತು, ಕಣ್ಣು ತುಂಬಿತ್ತು. ಮಗಳತ್ತ ಕೈ ಚಾಚಿ, ನಮ್ಮ ಅವ್ವನ ಅದೇ ತೆಲುಗಿನಲ್ಲಿ ಹೇಳಿದಳು:

"ಗೊರಕೆ ಹೊಡೀತಿದ್ದಾನೆ. ಏಳು, ಒಳಗೆ ಬಾ."